ಅಣುಬಾಂಬೂ ಯುದ್ಧಧರ್ಮವೂ

ಯುದ್ಧವನ್ನು ಬೇಗನೆ ಮುಗಿಸುವುದಕ್ಕಾಗಿ ಅಣುಬಾಂಬನ್ನು ಪ್ರಯೋಗಿಸುವುದು ನ್ಯಾಯವೇ ಎಂಬ ಪ್ರಶ್ನೆಯು ೧೯೪೫ನೆಯ ಇಸವಿಯಿಂದಲೂ ಲೋಕವನ್ನು ಬಾಧಿಸುತ್ತಿದೆ. ಇದರಿಂದ ಶಿವಮೊಗ್ಗೆಯವರಿಗೂ ಭದ್ರಾವತಿಯವರಿಗೂ ಆಗಬೇಕಾದ್ದೇನೆಂದು ಕೇಳುವ ವಾಚಕರಿಗೆ ನಾವು ಒಂದು ಸಂಗತಿಯನ್ನು ತಿಳಿಸಬಯಸುತ್ತೇವೆ.

ಆ ವರ್ಷದ ಮೇ ೩೧ರಂದು ಅಮೆರಿಕದ ಯುದ್ಧಮಂತ್ರಿ ಸ್ಟಿಮ್ಸನ್ನರ ಅಧ್ಯಕ್ಷತೆಯಲ್ಲಿ ಸೇರಿದ ಸಮಿತಿಯು, ಬಹುಮಂದಿ ಕೆಲಸಗಾರರನ್ನುಳ್ಳ, ಸುತ್ತಲೂ ಅವರ ಮನೆಗಳು ಒತ್ತೊತ್ತಾಗಿರುವ ಯುದ್ಧಸಾಮಗ್ರಿಯ ದೊಡ್ಡ ಕಾರ್ಖಾನೆಯೇ ಬಾಂಬಿಗೆ ತಕ್ಕ ಗುರಿಯೆಂದು ಅಭಿಪ್ರಾಯಪಟ್ಟಿತು. ಈ ಲಕ್ಷಣವನ್ನು ವಾಚಕರು ಮತ್ತೊಮ್ಮೆ ಓದಿ ನೋಡಲಿ. ಉಕ್ಕನ್ನು ಮಾಡುವ ಊರೆಲ್ಲವೂ ಶತ್ರುವಿನ ಕಣ್ಣಿಗೆ ಯುದ್ಧಸಾಮಗ್ರಿಯ ಊರೇ. ೧೯೨೩ರಲ್ಲಿ ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿದ ಮೇಲೆ ಕೆಲಸಗಾರರ ವಸತಿಗಳಿಂದಲೇ ಬೆಳೆದ ಭದ್ರಾವತಿಯು ಈ ವರ್ಣನೆಗೆ ಹೊರತಾದುದೆಂದು ಯಾರು ಹೇಳಬಲ್ಲರು?

ಆಗಸ್ಟ್ ೬ರಂದು ಹಿರೋಷಿಮಾದ ಮೇಲೆ ಬಾಂಬು ಬಿದ್ದಿತು. ವರ್ಷಾಂತ್ಯದೊಳಗೆ ಅಲ್ಲಿ ಸುಮಾರು ೧,೪೦,೦೦೦ ಜನರು ಸತ್ತರು. ೯ರಂದು ಎರಡನೆಯ ಬಾಂಬಿಗೆ ಗೊತ್ತುಮಾಡಿದ್ದ ಊರು ಕೊಕುರಾ. ಮೋಡವೂ ಹೊಗೆಯೂ ಅದನ್ನು ಮರೆಮಾಡಿದ್ದರಿಂದ ವಿಮಾನವು ನಾಗಸಾಕಿಗೆ ತಿರುಗಿತು. ಅಲ್ಲಿ ಸುಮಾರು ೭೦,೦೦೦ ಜನರು ಮಡಿದರು. ಯಾವ ಊರು ಉಳಿಯಬೇಕೆಂಬುದನ್ನು ಮೋಡವೇ ನಿರ್ಣಯಿಸಿತು.

ಜಪಾನಿನ ಮೇಲೆ ದಂಡೆತ್ತಿಹೋಗಿದ್ದರೆ ಅಮೆರಿಕದ ಪಡೆಗಳಲ್ಲಿಯೇ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಹತಾಹತರಾಗುತ್ತಿದ್ದರೆಂದು ಸ್ಟಿಮ್ಸನ್ನರು ೧೯೪೭ರಲ್ಲಿ ಸಮರ್ಥಿಸಿದರು. ಬಾಂಬಿಲ್ಲದೆಯೂ, ದಂಡಯಾತ್ರೆಯಿಲ್ಲದೆಯೂ, ೧೯೪೫ ಮುಗಿಯುವುದರೊಳಗಾಗಿ ಜಪಾನು ಶರಣಾಗುತ್ತಿತ್ತೆಂದು ಅಮೆರಿಕ ಸರ್ಕಾರದ್ದೇ ಬಾಂಬುದಾಳಿ ಸಮೀಕ್ಷೆಯು ೧೯೪೬ರಲ್ಲಿ ಹೇಳಿದ್ದಿತು. ಸ್ಟಿಮ್ಸನ್ನರ ಲೆಕ್ಕವೇ ಸರಿಯೆಂದಿಟ್ಟುಕೊಳ್ಳೋಣ. ಜಪಾನೀ ಸೇನೆಯು ಚೀನಾದಲ್ಲಿ ನಡೆಸಿದ ಕ್ರೌರ್ಯವನ್ನೂ ಮರೆಯದಿರೋಣ. ಆದಾಗ್ಯೂ, ಸೈನಿಕನ ಪ್ರಾಣವನ್ನುಳಿಸುವುದಕ್ಕಾಗಿ ತೊಟ್ಟಿಲಿನ ಶಿಶುವನ್ನು ಸುಡಬಹುದೆಂದು ಒಮ್ಮೆ ಒಪ್ಪಿದರೆ, ಮುಂದೆ ಯಾವ ಪಕ್ಷವು ಯಾವ ಯುದ್ಧದಲ್ಲಿ ಅದೇ ಮಾತನ್ನಾಡಿದರೂ ತಡೆಯುವವರಾರು?

ಊರನ್ನೇ ದಂಡಿಸುವ ಈ ನೀತಿಯು ನಮ್ಮ ಜಿಲ್ಲೆಗೆ ಅಪರಿಚಿತವಲ್ಲ. ೧೯೪೨ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಇಬ್ಬರು ಅಧಿಕಾರಿಗಳು ಹತರಾದಾಗ ಸರ್ಕಾರದ ಪಡೆಯು ಇಡೀ ಗ್ರಾಮದ ಮೇಲೆ ಬಿದ್ದಿತು. ಜನರು ಮನೆಮಾರು ಬಿಟ್ಟು ಕಾಡು ಸೇರಿದರು. ಈಸೂರಿನ ಸಂಕಟಕ್ಕೆ ಮರುಗುವವರು ಹಿರೋಷಿಮಾಕ್ಕೆ ಬೇರೊಂದು ತಕ್ಕಡಿಯನ್ನು ಹಿಡಿಯಲಾಗದು.

ಇಂದು ಭಾರತದ ಕೈಯಲ್ಲಿಯೂ ಈ ಅಸ್ತ್ರವಿದೆ. ೧೯೭೪ರ ಪೋಖ್ರಾನ್ ಪರೀಕ್ಷೆಯ ಮುಂದಾಳುಗಳಲ್ಲಿ ಕನ್ನಡನಾಡಿನವರೇ ಆದ ರಾಜಾ ರಾಮಣ್ಣನವರಿದ್ದರು. ಅಣ್ವಸ್ತ್ರವನ್ನು ತಾನಾಗಿ ಮೊದಲು ಪ್ರಯೋಗಿಸುವುದಿಲ್ಲವೆಂದು ಸರ್ಕಾರವು ೨೦೦೩ರಲ್ಲಿ ಪ್ರಕಟಿಸಿದ ನೀತಿಯು ಶ್ಲಾಘ್ಯವೇ ಸರಿ. ಆದರೆ ಶತ್ರುವು ಪ್ರಯೋಗಿಸಿದರೆ ಅವನು ತಾಳಲಾರದಷ್ಟು ಭಾರಿ ಹಾನಿಯನ್ನು ಮಾಡುವುದಾಗಿಯೂ ಅದೇ ನೀತಿಯು ಸಾರುತ್ತದೆ. ಆ ಹಾನಿಯು ಯಾರ ಮೇಲೆ? ಅಲ್ಲಿಯೂ ಒಂದು ಭದ್ರಾವತಿ ಇದ್ದೀತು. ಅಲ್ಲಿಯೂ ಪಾಳಿ ಮುಗಿಸಿ ಬರುವ ತಂದೆಗಾಗಿ ಮಕ್ಕಳು ಬಾಗಿಲಲ್ಲಿ ಕಾದಿದ್ದಾರು.

ಅಶ್ವತ್ಥಾಮನು ಅಸ್ತ್ರವನ್ನು ಉತ್ತರೆಯ ಗರ್ಭಕ್ಕೆ ತಿರುಗಿಸಿದನು. ಅರ್ಜುನನು ತನ್ನದನ್ನು ಹಿಂದಕ್ಕೆ ಪಡೆದನು. ನಾಡು ಇಂದಿಗೂ ಗೌರವಿಸುವುದು ಯಾರನ್ನೆಂದು ಹೇಳಬೇಕಾಗಿಲ್ಲ. ಮೊದಲು ಪ್ರಯೋಗಿಸೆವೆಂಬ ವಚನದ ಜೊತೆಗೆ, ಜನವಸತಿಯ ಊರುಗಳನ್ನು ಎಂದಿಗೂ ಗುರಿಮಾಡೆವೆಂಬ ವಚನವನ್ನೂ ನಮ್ಮ ಸರ್ಕಾರವು ಲೋಕಕ್ಕೆ ಕೊಡತಕ್ಕದ್ದು.