ಎಣಿಸುವವನ ಧರ್ಮ



ನಮ್ಮ ಸಂವಿಧಾನದ 324ನೆಯ ವಿಧಿಯು ಚುನಾವಣೆಗಳ ಹೊಣೆಯನ್ನು ಸ್ವತಂತ್ರ ಆಯೋಗವೊಂದಕ್ಕೆ ವಹಿಸಿದೆ. ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಮತದಾನವನ್ನು ಆಯಾ ರಾಜ್ಯಗಳೇ ನಡೆಸುತ್ತವೆ. ಬಹುತೇಕ ರಾಜ್ಯಗಳಲ್ಲಿ ಅದರ ಮೇಲ್ವಿಚಾರಣೆಯು 'ಸೆಕ್ರೆಟರಿ ಆಫ್ ಸ್ಟೇಟ್' ಎಂಬ ಪದಾಧಿಕಾರಿಯದು. ಹಲವೆಡೆ ಈತನೂ ಪಕ್ಷವೊಂದರ ಅಭ್ಯರ್ಥಿಯಾಗಿ ನಿಂತು ಗೆದ್ದು ಬಂದವನೇ. ಪಕ್ಷದವನ ಕೈಗೆ ತಕ್ಕಡಿ ಕೊಟ್ಟರೆ ತೂಕ ಸರಿಯಾದೀತೇ ಎಂಬ ಸಂದೇಹ ಸಹಜ. ಜಾರ್ಜಿಯಾ ರಾಜ್ಯದ ಬ್ರಾಡ್ ರಾಫೆನ್ಸ್‌ಪರ್ಗರ್ ಅವರ ವೃತ್ತಾಂತವು ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ.

ಇವರು ವೃತ್ತಿಯಿಂದ ಎಂಜಿನಿಯರು, ರಿಪಬ್ಲಿಕನ್ ಪಕ್ಷದವರು. ಜಾನ್ಸ್ ಕ್ರೀಕ್ ನಗರಸಭೆಯ ಸದಸ್ಯರಾಗಿ, 2015ರಿಂದ ರಾಜ್ಯದ ಶಾಸಕರಾಗಿ, 2018ರಲ್ಲಿ ಚುನಾಯಿತರಾಗಿ ಮರುವರ್ಷ ಈ ಪದವಿಯನ್ನೇರಿದರು. 2019ರಲ್ಲಿ ಮತದಾರರ ಪಟ್ಟಿಯಿಂದ ಸುಮಾರು 3 ಲಕ್ಷ ಹೆಸರುಗಳನ್ನು ತೆಗೆದಾಗ ಪ್ರತಿಪಕ್ಷದವರು ಇವರನ್ನು ತೀವ್ರವಾಗಿ ಖಂಡಿಸಿದ್ದರು.

ನಿಜವಾದ ಪರೀಕ್ಷೆ ಬಂದುದು 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ. ಜಾರ್ಜಿಯಾದಲ್ಲಿ ಚಲಾವಣೆಯಾದ ಸುಮಾರು 50 ಲಕ್ಷ ಮತಗಳನ್ನು ಮೂರು ಬಾರಿ ಎಣಿಸಲಾಯಿತು, ಅದರಲ್ಲೊಮ್ಮೆ ಕೈಯಿಂದಲೇ. ಡೆಮಾಕ್ರಟಿಕ್ ಪಕ್ಷದ ಜೋ ಬೈಡನ್ 11,779 ಮತಗಳಿಂದ ಮುಂದಿದ್ದರು. ಸೋತವರು ರಾಫೆನ್ಸ್‌ಪರ್ಗರ್ ಅವರೇ ಬೆಂಬಲಿಸಿದ್ದ ಡೊನಾಲ್ಡ್ ಟ್ರಂಪ್. 2021ರ ಜನವರಿ 2ರಂದು ಟ್ರಂಪ್ ದೂರವಾಣಿಯಲ್ಲಿ ಸುಮಾರು ಒಂದು ಗಂಟೆ ಮಾತನಾಡಿ, 11,780 ಮತಗಳನ್ನು ಹುಡುಕಿಕೊಡುವಂತೆ ಕೇಳಿದರು. ಸೋಲಿನ ಅಂತರಕ್ಕಿಂತ ಒಂದೇ ಒಂದು ಮತ ಹೆಚ್ಚು! ಟ್ರಂಪ್ ಅವರಲ್ಲಿರುವ ಅಂಕಿ ಅಂಶಗಳು ತಪ್ಪೆಂದು ರಾಫೆನ್ಸ್‌ಪರ್ಗರ್ ಅಧ್ಯಕ್ಷರಿಗೇ ತಿಳಿಸಿದರು. ಎಣಿಕೆ ಬದಲಾಗಲಿಲ್ಲ.

ಇದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಕುಟುಂಬಕ್ಕೆ ಪ್ರಾಣಬೆದರಿಕೆಗಳು ಬಂದವು. ಸ್ವಪಕ್ಷದವರೇ ಬಹುಮತದಲ್ಲಿದ್ದ ಶಾಸನಸಭೆಯು 2021ರಲ್ಲಿ ಕಾಯಿದೆಯನ್ನು ತಿದ್ದಿ, ರಾಜ್ಯ ಚುನಾವಣಾ ಮಂಡಳಿಯ ಅಧ್ಯಕ್ಷಸ್ಥಾನವನ್ನು ಅವರಿಂದ ಕಿತ್ತುಕೊಂಡಿತು. ಆದರೂ 2022ರ ಮೇ ತಿಂಗಳಲ್ಲಿ, ಟ್ರಂಪ್ ಬೆಂಬಲಿತ ಎದುರಾಳಿಯನ್ನು ಪಕ್ಷದೊಳಗಿನ ಚುನಾವಣೆಯಲ್ಲಿ ಸೋಲಿಸಿ, ನವೆಂಬರಿನಲ್ಲಿ ಪುನಃ ಆಯ್ಕೆಯಾದರು.

ಪಕ್ಷನಿಷ್ಠೆ ದೋಷವಲ್ಲ, ಮತ ಹಾಕುವಾಗ ಅದಕ್ಕೆ ಅವಕಾಶವುಂಟು, ಎಣಿಸುವಾಗ ಇಲ್ಲ. ಆಸ್ತಿಯ ಪಾಲು ಹಂಚುವ ಹಿರಿಯನಿಗೂ, ಸಂಘದ ಹಣ ಕಾಯುವ ಖಜಾಂಚಿಗೂ, ಉತ್ತರಪತ್ರಿಕೆಯ ಅಂಕ ಕೂಡಿಸುವ ಉಪಾಧ್ಯಾಯನಿಗೂ ಇದೇ ಧರ್ಮ. ನಮ್ಮವರು ಸೋತ ದಿನವೂ ಲೆಕ್ಕವನ್ನು ಇದ್ದಂತೆಯೇ ಓದಿ ಹೇಳಬಲ್ಲವನಿಗೆ ಮಾತ್ರ ಲೆಕ್ಕದ ಪುಸ್ತಕ ಒಪ್ಪಿಸತಕ್ಕದ್ದು.