ಆಯುಧ ಕೊಟ್ಟವರಾರು? ದೇವಿಯ ಕಥನಗಳು ಮತ್ತು ಚಲನಚಿತ್ರದ ಸಾಹಸ ನಾಯಕಿ

ಕನ್ನಡ ಚಲನಚಿತ್ರವನ್ನು ಕುರಿತ ವಿಚಾರ ಸಂಕಿರಣಗಳಲ್ಲಿಯೂ ಸಂಶೋಧನ ಪ್ರಬಂಧಗಳಲ್ಲಿಯೂ ಪದೇ ಪದೇ ಕೇಳಿಬರುವ ಮಾತೊಂದಿದೆ. ತೆರೆಯ ಮೇಲೆ ಖಳರನ್ನು ಸದೆಬಡಿಯುವ ಸಾಹಸ ನಾಯಕಿ ನಮ್ಮ ಶಕ್ತಿ ಪರಂಪರೆಯ ಮುಂದುವರಿಕೆ, ಮಹಿಷಮರ್ದಿನಿಯೇ ಆಕೆಯ ಪೂರ್ವಜೆ ಎಂಬುದು ಆ ಮಾತು. ಮಾಲಾಶ್ರೀ ಅಭಿನಯದ 'ದುರ್ಗಿ' (2004), 'ಶಕ್ತಿ' (2012) ಚಿತ್ರಗಳ ಹೆಸರುಗಳನ್ನೇ ಇದಕ್ಕೆ ಸಾಕ್ಷ್ಯವಾಗಿ ಒದಗಿಸುವುದು ವಾಡಿಕೆ. ಹೆಸರಿನ ಸಾಮ್ಯ ವಂಶಾವಳಿಯಾಗಲಾರದು. ಐಹೊಳೆಯ ದುರ್ಗದ ಗುಡಿಗೆ ಆ ಹೆಸರು ಬಂದದ್ದು ದೇವಿಯಿಂದಲ್ಲ, ಕೋಟೆಯಿಂದ. ಆದರೂ ಅಲ್ಲಿಯ ಮಹಿಷಮರ್ದಿನಿಯ ಶಿಲ್ಪವನ್ನು ಕಂಡವರು ಹೆಸರಿನ ಒಗಟು ಬಿಡಿಸಿದೆವೆಂದು ತೃಪ್ತರಾಗಿ ಮರಳುವುದುಂಟು. ಚಲನಚಿತ್ರದ ಓದಿನಲ್ಲಿಯೂ ನಡೆಯುತ್ತಿರುವುದು ಹೆಚ್ಚುಕಡಿಮೆ ಇದೇ. ದೇವಿ ಎಂಬುದು ಒಂದೇ ಕಥನವಲ್ಲ. ಯಾವ ದೇವಿಯ ಯಾವ ಕಥೆ ತೆರೆಗೆ ಬಂತು, ಯಾವುದು ಬರಲಿಲ್ಲ ಎಂದು ಕೇಳದ ಹೊರತು ಪೂರ್ವಜೆಯ ಮಾತಿಗೆ ಅರ್ಥವಿಲ್ಲ.

ಮಾರ್ಕಂಡೇಯ ಪುರಾಣದ ಭಾಗವಾದ ದೇವೀಮಾಹಾತ್ಮ್ಯದ ಹದಿಮೂರು ಅಧ್ಯಾಯಗಳು ಮೂರು ಚರಿತಗಳಾಗಿ ಹರಡಿಕೊಂಡಿವೆ. ಸಾಮಾನ್ಯವಾಗಿ ಎಲ್ಲರೂ ನೆನೆಯುವುದು ನಡುವಿನದನ್ನು. ಮಹಿಷನಿಗೆ ಸೋತ ದೇವತೆಗಳ ತೇಜಸ್ಸು ಒಂದಾಗಿ ದೇವಿ ಮೈದಳೆಯುತ್ತಾಳೆ. ಶಿವ ತ್ರಿಶೂಲವನ್ನು, ವಿಷ್ಣು ಚಕ್ರವನ್ನು, ಇಂದ್ರ ವಜ್ರವನ್ನು, ವಾಯು ಬಿಲ್ಲನ್ನು ನೀಡುತ್ತಾರೆ. ಹಿಮವಂತ ಸಿಂಹವನ್ನು ಕೊಡುತ್ತಾನೆ. ಆಕೆಯ ಕೈಗಳಲ್ಲಿರುವ ಆಯುಧಗಳೆಲ್ಲ ಪುರುಷ ದೇವತೆಗಳು ಕೊಟ್ಟವು. ಯುದ್ಧದ ಕಾರಣವೂ ಅವರದೇ, ಕಳೆದುಹೋದ ಸ್ವರ್ಗ. ಚಲನಚಿತ್ರ ಅತ್ಯಂತ ಸಲೀಸಾಗಿ ಎತ್ತಿಕೊಂಡದ್ದು ಈ ವಿನ್ಯಾಸವನ್ನು. ತೆಲುಗಿನ 'ಕರ್ತವ್ಯಂ' (1990) ವಿಜಯಶಾಂತಿಗೆ ರಾಷ್ಟ್ರಪ್ರಶಸ್ತಿ ತಂದಿತು. ಮರುವರ್ಷ ಕನ್ನಡದಲ್ಲಿ ಮಾಲಾಶ್ರೀ 'ಎಸ್.ಪಿ. ಭಾರ್ಗವಿ'ಯಾದರು. ಈ ನಾಯಕಿಯರ ಬಲ ಖಾಕಿಯಿಂದ ಬಂದದ್ದು. ಪುರಾಣದಲ್ಲಿ ದೇವತೆಗಳು ನಿಂತ ಎಡೆಯಲ್ಲಿ ಇಲ್ಲಿ ಪ್ರಭುತ್ವ ನಿಂತಿದೆ. ತ್ರಿಶೂಲದ ಬದಲಿಗೆ ಪಿಸ್ತೂಲು, ಸಿಂಹದ ಬದಲಿಗೆ ಜೀಪು. ಸೋತ ವ್ಯವಸ್ಥೆಯೊಂದು ತನ್ನ ಕೆಲಸವನ್ನು ಹೆಣ್ಣಿನ ಕೈಯಲ್ಲಿ ಮಾಡಿಸಿಕೊಳ್ಳುತ್ತದೆ. ಇಷ್ಟರ ಮಟ್ಟಿಗೆ ಪೂರ್ವಜೆಯ ಮಾತು ನಿಜ. ಆದರೆ ಹಾಗೆಂದಾಗ ಅದು ಹೊಗಳಿಕೆಯಾಗಿ ಉಳಿಯುವುದಿಲ್ಲ.

ಅದೇ ಗ್ರಂಥದ ಮೂರನೆಯ ಚರಿತ ಬೇರೊಂದು ದಾರಿ ಹಿಡಿಯುತ್ತದೆ. ಮದುವೆಯ ಪ್ರಸ್ತಾಪ ಹೊತ್ತು ಬಂದ ಶುಂಭನ ದೂತನಿಗೆ, ಯುದ್ಧದಲ್ಲಿ ತನ್ನನ್ನು ಗೆದ್ದವನೇ ಗಂಡ ಎಂದು ದೇವಿ ಉತ್ತರ ಕೊಡುತ್ತಾಳೆ. ಮುಂದೆ ಶಿವನನ್ನೇ ದೂತನನ್ನಾಗಿ ಅಟ್ಟುತ್ತಾಳೆ. ರಕ್ತಬೀಜನ ನೆತ್ತರನ್ನು ಕಾಳಿ ಕುಡಿಯುತ್ತಾಳೆ. ಕಡೆಯಲ್ಲಿ ಶುಂಭ, ಅನ್ಯರ ಬಲದಿಂದ ಕಾದುತ್ತಿರುವೆ ಎಂದು ಹಂಗಿಸಿದಾಗ, ಈ ಜಗತ್ತಿನಲ್ಲಿ ಇರುವವಳು ತಾನೊಬ್ಬಳೇ ಎಂದು ಹೇಳಿ ಎಲ್ಲ ಶಕ್ತಿಯರನ್ನೂ ತನ್ನೊಳಗೆ ಸೆಳೆದುಕೊಳ್ಳುತ್ತಾಳೆ. ಬಲದ ಮೂಲ ಯಾವುದೆಂಬ ಪ್ರಶ್ನೆಯನ್ನು ಪುರಾಣಕಾರನೇ ಖಳನ ಬಾಯಲ್ಲಿ ಹಾಕಿಸಿ ಉತ್ತರಿಸಿದ್ದಾನೆ. ಆ ಪ್ರಶ್ನೆಯನ್ನು ನಾಯಕಿಗೆ ಹಾಕುವ ಖಳ ನಮ್ಮ ಪೊಲೀಸ್ ಚಿತ್ರಗಳಲ್ಲಿ ಅಪರೂಪ. ಹಾಕಿದರೂ ಸಮವಸ್ತ್ರವಲ್ಲದೆ ಬೇರೆ ಉತ್ತರ ಆಕೆಯ ಬಳಿ ಸಾಮಾನ್ಯವಾಗಿ ಇರುವುದಿಲ್ಲ.

ಕೊಟ್ಟ ಆಯುಧವಲ್ಲದೆ ಕೈಗೆ ಸಿಕ್ಕ ಆಯುಧ ಹಿಡಿದವಳೊಬ್ಬಳು ಕನ್ನಡ ತೆರೆಯ ಮೇಲಿದ್ದಾಳೆ. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಚಿತ್ರದ ಹಾಡಿನಲ್ಲಿ ಕೆಲವೇ ನಿಮಿಷ ಕಾಣಿಸಿಕೊಳ್ಳುವ, ಜಯಂತಿ ಅಭಿನಯದ ಒನಕೆ ಓಬವ್ವ. ಚಿತ್ರದುರ್ಗದ ಕೋಟೆಯ ಕಾವಲುಗಾರನ ಹೆಂಡತಿಯಾದ ಆಕೆಗೆ ಯಾವ ದೇವತೆಯೂ ತೇಜಸ್ಸನ್ನು ಧಾರೆಯೆರೆದಿಲ್ಲ. ಒನಕೆ ಭತ್ತ ಕುಟ್ಟುವ ಕೈಯ ದಿನನಿತ್ಯದ ವಸ್ತು. ಆಕೆಯನ್ನು ದುರ್ಗೆಯ ಸಾಲಿಗೆ ಸೇರಿಸುವುದು ಗೌರವದಂತೆ ಕಂಡರೂ ದುಡಿಮೆಯ ಲೋಕದಿಂದ ಎತ್ತಿ ಪುರಾಣದೊಳಗಿಟ್ಟು ಮರೆತುಬಿಡುವ ಉಪಾಯವೂ ಹೌದು. ಓಬವ್ವನೂ ಕಿತ್ತೂರ ಚೆನ್ನಮ್ಮನೂ ಸೇರಬೇಕಾದದ್ದು ದೇವಿಯೂ ಅಲ್ಲದ, ಬರಿಯ ಪತಿವ್ರತೆಯೂ ಅಲ್ಲದ ವೀರಾಂಗನೆಯ ಪರಂಪರೆಗೆ. 1935ರ 'ಹಂಟರ್‌ವಾಲಿ'ಯಲ್ಲಿ ಚಾವಟಿ ಬೀಸಿದ ನಾಡಿಯಾಳನ್ನೂ ಇಲ್ಲಿಯೇ ಗುರುತಿಸಬೇಕು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಆ ನಟಿಯ ಸಾಹಸಗಳ ಹಿಂದೆ ಅಮೆರಿಕದ ಧಾರಾವಾಹಿ ಚಿತ್ರಗಳು ಎಷ್ಟಿವೆಯೋ ನಮ್ಮ ಕಂಪನಿ ನಾಟಕಗಳ ವೀರನಾರಿಯರೂ ಅಷ್ಟೇ ಇದ್ದಾರೆ.

ಇನ್ನು ಸೇಡಿನ ಚಿತ್ರಗಳು. 1980ರ ದಶಕದ ನಡುವಿನಿಂದ ದಕ್ಷಿಣದ ಭಾಷೆಗಳಲ್ಲಿಯೂ ಹಿಂದಿಯಲ್ಲಿಯೂ ಅವಮಾನಿತ ಹೆಣ್ಣು ತಾನೇ ದಂಡ ವಿಧಿಸುವ ಕಥೆಗಳು ಬಂದವು. ತೆಲುಗಿನ 'ಪ್ರತಿಘಟನ'ದಲ್ಲಿ (1985) ಕೊಡಲಿ ಎತ್ತುವವಳು ಪೊಲೀಸ್ ಅಧಿಕಾರಿಯಲ್ಲ, ಅಧ್ಯಾಪಕಿ; ಕಾನೂನು ಕೈಬಿಟ್ಟ ಮೇಲೆ ಎತ್ತುತ್ತಾಳೆ. ಇಂತಹ ಚಿತ್ರಗಳಿಗೂ ಮಹಿಷಮರ್ದಿನಿಯೇ ಮಾದರಿ ಎನ್ನುವುದು ತಪ್ಪು ಎಣಿಕೆ. ದೇವಿ ಕಾದಿದ್ದು ದೇವತೆಗಳಿಗಾದ ಅನ್ಯಾಯಕ್ಕಾಗಿ. ತನಗಾದ ಅನ್ಯಾಯಕ್ಕಾಗಿ ಕೆರಳಿದವಳು ಮಾರಮ್ಮ. ಎ.ಕೆ. ರಾಮಾನುಜನ್ ಕನ್ನಡದ ದೇವತೆಯರಲ್ಲಿ ಗುರುತಿಸಿದ ಎರಡು ಬಗೆಗಳು ಇಲ್ಲಿ ನೆರವಿಗೆ ಬರುತ್ತವೆ. ಗಂಡನ ಪಕ್ಕದಲ್ಲಿ ಸೌಮ್ಯಳಾಗಿ ನಿಂತವಳು ಒಬ್ಬಳು. ಊರ ಹೊರಗೆ ಒಂಟಿಯಾಗಿ, ಉಗ್ರಳಾಗಿ, ರೋಗವನ್ನು ತರುವ ಮತ್ತು ಕಳೆಯುವವಳು ಇನ್ನೊಬ್ಬಳು. ಸೇಡಿನ ನಾಯಕಿ ಈ ಎರಡನೆಯವಳ ಮಗಳು.

ಹಾಗೆಂದೊಡನೆ ಸಂಶೋಧಕರು ಎದುರಿಸಲೇಬೇಕಾದ ತೊಡಕೊಂದು ಮುಂದೆ ನಿಲ್ಲುತ್ತದೆ. ಮಾರಮ್ಮನ ಕಥೆ ಹಲವು ಊರುಗಳಲ್ಲಿ ಹೇಳುವಂತೆ, ಜಾತಿ ಮರೆಸಿದ ಅಸ್ಪೃಶ್ಯ ತರುಣನೊಬ್ಬ ಬ್ರಾಹ್ಮಣ ಕನ್ಯೆಯನ್ನು ಮದುವೆಯಾಗುತ್ತಾನೆ. ಮಕ್ಕಳಾದ ಮೇಲೆ, ಊಟದ ಹೊತ್ತಿನಲ್ಲಿ ಅತ್ತೆಯ ಬಾಯಿಂದ ಜಾರಿದ ಮಾತಿನಿಂದ ನಿಜ ಬಯಲಾಗುತ್ತದೆ. ಆಕೆ ಕೆರಳಿ ಮಾರಿಯಾಗುತ್ತಾಳೆ. ಗಂಡ ಬಲಿಯ ಕೋಣನಾಗುತ್ತಾನೆ. ಕೋಣಬಲಿ ನಿಂತ ಊರುಗಳಲ್ಲಿಯೂ ಕಥೆ ನಿಂತಿಲ್ಲ. ಇಲ್ಲಿ ಹೆಣ್ಣಿನ ಕೋಪ ನಿಜವಾದದ್ದೇ. ಆದರೆ ಆ ಕೋಪವನ್ನು ಜಾತಿ ವ್ಯವಸ್ಥೆ ತನ್ನ ಗಡಿಯನ್ನು ಕಾಯಲು ಬಳಸಿಕೊಂಡಿದೆ. ಕೊಲೆಗೆ ಗುರಿಯಾಗುವವನು ಗಂಡು ಎಂಬುದಕ್ಕಿಂತ ದಲಿತ ಎಂಬುದು ಕಥೆಗೆ ಮುಖ್ಯ. ಮಹಿಷನ ವಿಷಯದಲ್ಲಿಯೂ ಇಂತಹುದೇ ಪ್ರಶ್ನೆ ಇದೆಯೆಂಬುದನ್ನು ಮೈಸೂರಿನ ಮಹಿಷ ದಸರೆಯ ಸುತ್ತ 2019ರಲ್ಲಿ, ಮತ್ತೆ 2023ರಲ್ಲಿ ಎದ್ದ ವಿವಾದಗಳು ನೆನಪಿಸಿದವು. ಆ ವಾದಗಳ ಚಾರಿತ್ರಿಕ ಸತ್ಯಾಸತ್ಯ ಬೇರೆ ಮಾತು. ಸಂಹಾರದ ಕಥೆಯನ್ನು ಸಂಹೃತನ ಕಡೆಯಿಂದ ಕೇಳುವ ಜನರು ನಮ್ಮ ನಡುವೆಯೇ ಇದ್ದಾರೆ ಎಂಬುದು ಮಾತ್ರ ನಿಶ್ಚಿತ. ಸಾಹಸ ನಾಯಕಿಯನ್ನು ಮಾರಮ್ಮನ, ದುರ್ಗೆಯ ವಾರಸುದಾರಳೆಂದು ಕೊಂಡಾಡುವ ಪ್ರಬಂಧಗಳು ಈ ಜಾತಿಯ ಪದರವನ್ನು ದಾಟಿ ಹೋಗುತ್ತವೆ. ಸ್ತ್ರೀವಾದಿ ಓದು ಎಂಬ ಹೆಸರಿನಲ್ಲಿ ಹಾಗೆ ದಾಟುವುದು ಇನ್ನೂ ಅಪಾಯಕರ.

ಯುದ್ಧ ಮುಗಿದ ಮೇಲೆ ಏನಾಗುತ್ತದೆ ಎಂಬುದು ಮತ್ತೊಂದು ಪ್ರಶ್ನೆ. ಸಂಸ್ಕೃತ ಪುರಾಣದ ದೇವಿ ಮತ್ತೆ ಬರುವೆನೆಂದು ಮಾತು ಕೊಟ್ಟು ಅಂತರ್ಧಾನಳಾಗುತ್ತಾಳೆ. ಮೈಸೂರು ಸೀಮೆಯ ಜನಪದರ ಚಾಮುಂಡಿ ಎಲ್ಲಿಗೂ ಹೋಗುವುದಿಲ್ಲ. ನೆಲಕ್ಕೆ ಬಿದ್ದ ಒಂದೊಂದು ತೊಟ್ಟು ನೆತ್ತರಿನಿಂದಲೂ ರಕ್ಕಸರು ಏಳುವಾಗ ಆಕೆ ದಣಿಯುತ್ತಾಳೆ. ಆಕೆಯ ಬೆವರಿನಿಂದ ಹುಟ್ಟಿದ ತಂಗಿ ಉತ್ತನಹಳ್ಳಿ ಮಾರಿ ನಾಲಗೆ ಚಾಚಿ ನೆತ್ತರನ್ನು ಹೀರುತ್ತಾಳೆ. ಇಲ್ಲಿ ನೆರವಿಗೆ ಬಂದದ್ದು ದೇವತೆಗಳ ಆಯುಧವಲ್ಲ, ದುಡಿದ ಮೈಯ ಬೆವರು. ಗೆದ್ದ ಚಾಮುಂಡಿ ಬೆಟ್ಟದ ಮೇಲೆ ನಿಂತು ಕಪಿಲೆಯ ದಡದ ನಂಜುಂಡನನ್ನು ಬಯಸುತ್ತಾಳೆ. ಮದುವೆಯಾದವನೆಂದು ತಿಳಿದೂ ಬಿಡುವುದಿಲ್ಲ, ಆತನ ಮನೆಯವರೊಡನೆ ಜಗಳಕ್ಕೂ ಹಿಂಜರಿಯುವುದಿಲ್ಲ. ಕೊಂದ ಕೈಗೆ ಒಲವೂ ಹೊಟ್ಟೆಕಿಚ್ಚೂ ದಣಿವೂ ಉಂಟೆಂದು ಬಲ್ಲ ಈ ಕಥನಕ್ಕೆ ಸಮನಾದ ಸಾಹಸ ಚಿತ್ರ ಕನ್ನಡದಲ್ಲಿ ಬಂದಿಲ್ಲ. ನಮ್ಮ ನಾಯಕಿಗೆ ಹೊಡೆದಾಟದ ನಂತರ ದೊರೆಯುವುದು ಬಹುಮಟ್ಟಿಗೆ ತಾಳಿ, ಸೆರೆಮನೆ ಅಥವಾ ಪದಕ. ಹಿಂದಿಯ 'ಕಹಾನಿ' (2012) ದುರ್ಗಾಪೂಜೆಯ ಕೋಲ್ಕತ್ತೆಯಲ್ಲಿ ನಡೆದು, ಕೊಲೆಯ ನಂತರ ನಾಯಕಿಯನ್ನು ವಿಜಯದಶಮಿಯ ಹೆಂಗಸರ ಗುಂಪಿನಲ್ಲಿ ಕರಗಿಸುತ್ತದೆ. ಕುಶಲವಾದ ಚಿತ್ರ; ಆದರೆ ಅದೂ ಪುರಾಣದ ಅಂತರ್ಧಾನವನ್ನೇ ಆರಿಸಿಕೊಂಡಿತು.

ಪ್ರೇಕ್ಷಕರು ಮಾಲಾಶ್ರೀಯಲ್ಲಿ ದೇವಿಯನ್ನು ಕಂಡದ್ದು ಸುಳ್ಳೇ ಎಂಬ ಆಕ್ಷೇಪ ಏಳಬಹುದು. ಸುಳ್ಳಲ್ಲ. ಕಟೀಲು ಮೇಳದ 'ಶ್ರೀ ದೇವಿ ಮಹಾತ್ಮೆ'ಯ ಬಯಲಾಟದಲ್ಲಿ ದೊಂದಿಗಳ ನಡುವೆ ಸಭೆಯನ್ನು ಸೀಳಿಕೊಂಡು ಬರುವ ಮಹಿಷನನ್ನು ನೋಡಿ ಬೆಳೆದವರು, ನವರಾತ್ರಿಯಲ್ಲಿ ಚಿದಾನಂದಾವಧೂತರ ದೇವೀಪುರಾಣದ ಪಾರಾಯಣ ಕೇಳಿದ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು, ತೆರೆಯ ಎದುರು ಬರಿಗಣ್ಣಿನಿಂದ ಕೂರುವುದಿಲ್ಲ. ಆದರೆ ಅದು ನೋಟದ ಚರಿತ್ರೆ, ಚಿತ್ರಕಥೆಯ ಚರಿತ್ರೆಯಲ್ಲ. ಬಯಲಾಟದ ಆ ದೇವಿಯ ವೇಷ ಧರಿಸುತ್ತ ಬಂದವರು ಗಂಡಸರು ಎಂಬುದನ್ನೂ ಮರೆಯಲಾಗದು. ಹೆಣ್ಣಿನ ಉಗ್ರತೆಯನ್ನು ಭಕ್ತಿಯಿಂದ ಒಪ್ಪಿದ ಸಮಾಜ ಹೆಣ್ಣಿನ ಮೈಯನ್ನು ರಂಗಕ್ಕೆ ಬಿಟ್ಟುಕೊಳ್ಳಲು ಬಹುಕಾಲ ತೆಗೆದುಕೊಂಡಿತು. ಥಿಯೇಟರಿನಲ್ಲಿ ಕೂತ ಆ ಹೆಣ್ಣುಮಕ್ಕಳನ್ನು ಮಾತನಾಡಿಸಿದ ಕ್ಷೇತ್ರಕಾರ್ಯ ನಮ್ಮಲ್ಲಿ ತೀರ ಕಡಿಮೆ.

2025ರಲ್ಲಿ ತೆರೆಕಂಡ ಮಲಯಾಳದ 'ಲೋಕ: ಅಧ್ಯಾಯ 1 – ಚಂದ್ರ' ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹ. ಅದು ದೇವಿಯನ್ನಲ್ಲ, ಕಳ್ಳಿಯಂಕಾಟ್ಟು ನೀಲಿ ಎಂಬ ರಕ್ತ ಹೀರುವ ಯಕ್ಷಿಯನ್ನು ಆರಿಸಿಕೊಂಡು ಇಂದಿನ ಬೆಂಗಳೂರಿಗೆ ತಂದಿತು. ಮಂತ್ರವಾದಿ ಪಳಗಿಸಿದ ಭೂತವೆಂದು ಐತಿಹ್ಯ ಹೇಳಿದ ನೀಲಿ ಅಲ್ಲಿ ಅರಸನ ಹಿಂಸೆಗೆ ತುತ್ತಾದ ಕಾಡಿನ ಜನರ ಮಗಳು. ಆಕೆಯ ಬಲ ಯಾರೂ ಕೊಟ್ಟ ಆಯುಧದಿಂದ ಬಂದದ್ದಲ್ಲ. ಕೋಪ ಗಡಿ ಕಾಯುವವರ ಪರವಾಗಿಯೂ ಇಲ್ಲ. ಬೆಂಗಳೂರಿನಿಂದ ಮೂರು ಗಂಟೆಯ ದಾರಿಯಲ್ಲಿ, ಬೆಟ್ಟದ ತಪ್ಪಲಿನಲ್ಲಿ, ಉತ್ತನಹಳ್ಳಿಯ ಮಾರಿ ನಾಲಗೆ ಚಾಚಿ ಕುಳಿತಿದ್ದಾಳೆ. ಆಕೆಯ ಕಥೆಯನ್ನು ಕೈಗೆತ್ತಿಕೊಂಡ ಕನ್ನಡ ಚಿತ್ರಕಥೆ ಇನ್ನೂ ಬರಬೇಕಾಗಿದೆ.