ಹೊರೆಗೊಂದು, ಓಡಾಟಕ್ಕೊಂದು

ಹೋಟೆಲಿನ ಜೊತೆಗೆ ಕೇಟರಿಂಗ್ ಕೂಡ ಆರಂಭಿಸುವ ಸದಸ್ಯ ಬಾಂಧವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಬೆಳಗಿನ ಜಾವ ಕೋಯಂಬೇಡಿನಿಂದ ತರಕಾರಿ ತರಬೇಕು, ಮಧ್ಯಾಹ್ನ ಮದುವೆ ಮಂಟಪಕ್ಕೆ ಅಡುಗೆ ಹೋಗಬೇಕು, ಸಂಜೆ ಮನೆಯವರನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು. ಇಷ್ಟಕ್ಕೂ ಆಗುವ ಒಂದೇ ಗಾಡಿ ಯಾವುದು? ಬಂಡವಾಳ ಕಡಿಮೆ ಇರುವವರು ಹೀಗೆ ಯೋಚಿಸುವುದು ಸಹಜವೇ. ಆದರೆ ಆನೆಯೂ ಕುದುರೆಯೂ ಒಂದೇ ಪ್ರಾಣಿಯಲ್ಲಿ ಸಿಗುವುದಿಲ್ಲ. ಪೋರೂರಿನಂಥ ಜಾಗದಲ್ಲಂತೂ ಈ ಆಸೆ ದುಬಾರಿಯಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಹೊರೆಯ ಲೆಕ್ಕ ಹಾಕೋಣ. ಶೋರೂಮಿಗೆ ಹೋಗುವ ಮುಂಚೆ ಈ ಲೆಕ್ಕ ಕಾಗದದ ಮೇಲೆ ಇರಬೇಕು. 500 ಜನರ ಊಟ ಎಂದರೆ ತಲೆಗೆ 800 ಗ್ರಾಂನಂತೆ ಅಡುಗೆಯೇ 400 ಕಿಲೋ. ಪಾತ್ರೆ, ಮುಚ್ಚಳ, ಬಕೆಟ್ಟು, ಸೌಟು 150 ಕಿಲೋ. ಕುಡಿಯುವ ನೀರು ತಲೆಗೆ ಮುಕ್ಕಾಲು ಲೀಟರಿನಂತೆ ಹಿಡಿದರೂ 20 ಲೀಟರಿನ 19 ಕ್ಯಾನ್, ಅಂದರೆ ಸುಮಾರು 390 ಕಿಲೋ. ತುಂಬಿದ ವಾಣಿಜ್ಯ ಸಿಲಿಂಡರಿನಲ್ಲಿ ಗ್ಯಾಸು 19 ಕಿಲೋ ಇದ್ದರೂ ಒಟ್ಟು ತೂಕ 35 ಕಿಲೋದಷ್ಟಿರುತ್ತದೆ. ಅಂಥ ಎರಡು ಸಿಲಿಂಡರ್, ಒಲೆ, ಕಾವಲಿ ಸೇರಿ 130 ಕಿಲೋ. ಬಾಳೆಲೆ, ಮೇಜು, ಚಿಲ್ಲರೆ ಸಾಮಾನು 50 ಕಿಲೋ. ಕೂಡಿಸಿ ನೋಡಿ: 1,120 ಕಿಲೋ.

2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದಾಗ ಅದರ ಹೊರೆ ಸುಮಾರು 750 ಕಿಲೋ. ನಮ್ಮ ಕಡೆ ಚೋಟಾ ಹಾಥಿ, ಇಲ್ಲಿ ಕುಟ್ಟಿ ಯಾನೈ ಎಂದು ಕರೆಸಿಕೊಂಡ ಈ ಪುಟ್ಟ ಗಾಡಿ ನಮ್ಮ ಉದ್ಯಮಕ್ಕೆ ಮಾಡಿದ ಉಪಕಾರ ದೊಡ್ಡದು. ಗಲ್ಲಿಯಲ್ಲಿ ತಿರುಗುತ್ತದೆ, ಮಂಟಪದ ಹಿಂಬಾಗಿಲಿಗೆ ಹೋಗಿ ನಿಲ್ಲುತ್ತದೆ. ಆದರೆ ಮೇಲಿನ 1,120 ಕಿಲೋವನ್ನು ಅದರ ಮೇಲೆ ಹೇರಿದರೆ ಸ್ಪ್ರಿಂಗ್ ಕೂರುತ್ತದೆ, ಬ್ರೇಕ್ ಹಿಡಿಯುವುದು ನಿಧಾನವಾಗುತ್ತದೆ. ಸಾಂಬಾರು, ರಸಂ ತುಂಬಿದ ಎತ್ತರದ ಪಾತ್ರೆಗಳು ಬ್ರೇಕ್ ಒತ್ತಿದಾಗ ಮುಂದಕ್ಕೆ, ತಿರುವಿನಲ್ಲಿ ಪಕ್ಕಕ್ಕೆ ಓಲಾಡುತ್ತವೆ. ಮೂಟೆ ಅಕ್ಕಿ ಹೇರಿದಂತೆ ಅಲ್ಲ ಇದು.

ಇಲ್ಲಿ ಒಂದು ಸುಲಭ ಉಪಾಯವಿದೆ. ನೀರಿನ ಕ್ಯಾನುಗಳನ್ನು ಸರಬರಾಜುದಾರರಿಂದ ನೇರ ಮಂಟಪಕ್ಕೇ ತರಿಸಿದರೆ ಹೊರೆ 730 ಕಿಲೋಗೆ ಇಳಿಯುತ್ತದೆ. ಆಗ ಚಿಕ್ಕ ಗಾಡಿಯಲ್ಲೇ ಕೆಲಸ ಮುಗಿಯುತ್ತದೆ, ಆದರೆ ಒಂದು ಪಾತ್ರೆಯೂ ಹೆಚ್ಚಿಗೆ ಹಿಡಿಯದು. ನೀರೂ ನಾವೇ ಒಯ್ಯಬೇಕೆಂದಿದ್ದರೆ ಒಂದೂಕಾಲು ಟನ್ನಿನ ವರ್ಗದ ಗಾಡಿಯನ್ನೇ ನೋಡಬೇಕು. 2011ರಲ್ಲಿ ಹೊಸೂರಿನಿಂದ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಆ ವರ್ಗದ್ದು. ಮಹೀಂದ್ರ ಬೊಲೆರೊ ಪಿಕಪ್ ಇನ್ನೂ ಹೆಚ್ಚು ಹೊರುತ್ತದೆ.

ಹಾಗಾದರೆ ದೊಡ್ಡ ಪಿಕಪ್ ಒಂದನ್ನೇ ಕೊಂಡು ದಿನದ ಓಡಾಟಕ್ಕೂ ಇಟ್ಟುಕೊಂಡರಾಯಿತಲ್ಲ ಎನ್ನಬಹುದು. ಹೊರೆಗಾಗಿ ಕಟ್ಟಿದ ಗಾಡಿಯ ಹಿಂದಿನ ಪಟ್ಟಿ ಸ್ಪ್ರಿಂಗುಗಳು ಹೊರೆ ಇದ್ದಾಗ ಮಾತ್ರ ಹದವಾಗಿರುತ್ತವೆ. ಖಾಲಿ ಇದ್ದಾಗ ಪ್ರತಿ ಹೊಂಡಕ್ಕೂ ಗಾಡಿ ಎಗರುತ್ತದೆ, ಮಳೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. ಪೋರೂರು ಜಂಕ್ಷನ್‌ನಲ್ಲಿ ಮೌಂಟ್–ಪೂಂದಮಲ್ಲಿ ರಸ್ತೆ, ಆರ್ಕಾಟ್ ರಸ್ತೆ, ಕುಂದ್ರತ್ತೂರು ರಸ್ತೆ ಎಲ್ಲವೂ ಬಂದು ಕೂಡುತ್ತವೆ. 2017ರಲ್ಲಿ ಮೇಲ್ಸೇತುವೆ ತೆರೆದ ಮೇಲೂ ಅಲ್ಲಿನ ದಟ್ಟಣೆ ನಿಂತಿಲ್ಲ. ಆಮೇಲೆ ವರ್ಷಗಟ್ಟಲೆ ಮೆಟ್ರೋ ಕಾಮಗಾರಿ ರಸ್ತೆಯನ್ನು ಇಕ್ಕಟ್ಟು ಮಾಡಿತು. ಬ್ಯಾಂಕಿಗೆ ಚೆಕ್ ಹಾಕಲು ಖಾಲಿ ಪಿಕಪ್ಪಿನಲ್ಲಿ ಹೊರಟು, ನಿಲ್ಲಿಸಲು ಜಾಗ ಹುಡುಕುತ್ತ ಡೀಸೆಲ್ ಸುಡುವುದರಲ್ಲಿ ಯಾವ ಉಳಿತಾಯವಿದೆ?

ಜನರೇಟರನ್ನೋ ನೀರಿನ ಟ್ಯಾಂಕನ್ನೋ ಟ್ರೇಲರ್ ಮೇಲೆ ಕೂರಿಸಿ ಎಳೆದೊಯ್ಯುವ ಯೋಚನೆಯೂ ಕೆಲವರಿಗಿದೆ. ಮೋಟಾರು ವಾಹನ ಕಾನೂನಿನ ಪ್ರಕಾರ ಟ್ರೇಲರ್ ಕೂಡ ಒಂದು ವಾಹನವೇ. ಅದನ್ನೂ ನೋಂದಾಯಿಸಬೇಕು, ಎಳೆಯುವ ಗಾಡಿಗೆ ಆ ಸಾಮರ್ಥ್ಯ ಇದೆಯೇ ಎಂದು ತಯಾರಕರ ಪುಸ್ತಕದಲ್ಲಿ ನೋಡಬೇಕು. ಮಂಟಪದ ಸಂದಿಯಲ್ಲಿ ಅದನ್ನು ಹಿಮ್ಮುಖ ತಿರುಗಿಸಬಲ್ಲ ಡ್ರೈವರೂ ಬೇಕು. ಜನರೇಟರನ್ನು ಬಾಡಿಗೆಗೆ ಅದರವರಿಂದಲೇ ತರಿಸುವುದು ಮೇಲು.

ಇನ್ನು ವ್ಯಾನಿನ ಮಾತು. 1984ರಲ್ಲಿ ಬಂದು 2019ರಲ್ಲಿ ನಿಂತ ಮಾರುತಿ ಆಮ್ನಿ ನಮ್ಮ ಎಷ್ಟೋ ಹೋಟೆಲುಗಳಿಗೆ ಬಲಗೈಯಾಗಿತ್ತು. ವಾರದ ದಿನ ಸೀಟು ತೆಗೆದು ಇಡ್ಲಿ ಪಾತ್ರೆ, ಭಾನುವಾರ ಸೀಟು ಹಾಕಿ ಸಂಸಾರ! ಈಗ ಈಕೋದಲ್ಲಿ ಅದನ್ನೇ ಮಾಡುವವರಿದ್ದಾರೆ. ಬಿಳಿ ಬೋರ್ಡಿನ ಖಾಸಗಿ ವಾಹನದ ವಿಮಾ ಪತ್ರವನ್ನು ಒಮ್ಮೆ ತೆಗೆದು ಓದಿ. ಸ್ಯಾಂಪಲ್ ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸಿದರೆ ರಕ್ಷಣೆ ಇಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಪ್ರೀಮಿಯಂ ಪ್ರತಿ ವರ್ಷ ಕಟ್ಟಿಯೂ ಅಪಘಾತದ ದಿನ ಬರಿಗೈ. ಅದೇ ವ್ಯಾನಿನ ಸರಕು ಮಾದರಿಯನ್ನು ಹಳದಿ ಬೋರ್ಡಿನಲ್ಲಿ ಕೊಂಡರೆ ಈ ತೊಡಕಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ನಮ್ಮ ಹುಡುಗರ ವಿಚಾರ. ಅಡುಗೆಯ ಜೊತೆಗೆ ಬಡಿಸುವ ಆರೆಂಟು ಹುಡುಗರನ್ನೂ ಗಾಡಿಯ ಹಿಂಭಾಗದಲ್ಲಿ, ಕುದಿಯುವ ಪಾತ್ರೆಗಳ ನಡುವೆ, ಸಿಲಿಂಡರಿನ ಮೇಲೆ ಕೂರಿಸಿ ಕಳಿಸುವ ದೃಶ್ಯ ಯಾರಿಗೂ ಹೊಸದಲ್ಲ. ಪಾತ್ರೆ ಮಗುಚದಂತೆ ಹಿಡಿದುಕೊಳ್ಳಲೂ ಅವರೇ. ಆರ್.ಸಿ.ಯಲ್ಲಿ ಎಷ್ಟು ಸೀಟು ಬರೆದಿದೆಯೋ ಅಷ್ಟೇ ಜನ ಕ್ಯಾಬಿನ್‌ನಲ್ಲಿ ಕೂರಬೇಕು. ಹಿಂಭಾಗ ಇರುವುದು ಸರಕಿಗೆ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಪರಿಹಾರದ ಮಾತು ಹಾಗಿರಲಿ. ಕುಂದಾಪುರ, ಬೈಂದೂರಿನ ಕಡೆಯಿಂದ ಯಾರದೋ ಮಗ ನಮ್ಮನ್ನು ನಂಬಿ ಇಲ್ಲಿಗೆ ಬಂದಿರುತ್ತಾನೆ. ಒಂದು ಟ್ರಿಪ್ಪಿನ ವ್ಯಾನ್ ಬಾಡಿಗೆ ಉಳಿಸಲು ಅವನ ಮೇಲೆ 90 ಡಿಗ್ರಿಯ ಸಾಂಬಾರು ಚೆಲ್ಲುವ ಅಪಾಯ ಒಡ್ಡಲು ನಮಗೆ ಯಾವ ಹಕ್ಕೂ ಇಲ್ಲ. ಹುಡುಗರ ವ್ಯಾನ್ ಬಾಡಿಗೆಯನ್ನು ಪಾರ್ಟಿಗೆ ಕೊಡುವ ಎಸ್ಟಿಮೇಟಿನಲ್ಲೇ ಸೇರಿಸಿ. ಕೇಳಿದರೆ ಕಾರಣ ಹೇಳಿ. ಒಪ್ಪದ ಗಿರಾಕಿ ವಿರಳ.

ಕಾನೂನಿನ ಇನ್ನು ಕೆಲವು ಅಂಶಗಳು ಸದಸ್ಯರ ಗಮನಕ್ಕೆ:

ಹೊರೆ ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ದೊಡ್ಡ ಪಿಕಪ್‌ಗಳಲ್ಲಿ ಕೆಲವು ಈ ಮಿತಿ ದಾಟುತ್ತವೆ, ಕೊಳ್ಳುವ ಮುಂಚೆ ವಿಚಾರಿಸಿ.

ಎಲ್.ಎಂ.ವಿ. ಲೈಸೆನ್ಸ್ ಇರುವವರು 7,500 ಕಿಲೋ ಒಳಗಿನ ಸರಕು ಗಾಡಿ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿಹಿಡಿದಿದೆ.

ಹೆಚ್ಚು ಹೊರೆಗೆ 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಸರಕು ವಾಹನಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಆದರೆ ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ನಮಗೆ ಆ ಮೊತ್ತ ಹಿಂದಿರುಗಿ ಬರುವುದಿಲ್ಲ. ಆದ್ದರಿಂದ ತೆರಿಗೆ ಸೇರಿದ ಬೆಲೆಯನ್ನೇ ಅಸಲು ಎಂದು ಲೆಕ್ಕ ಹಿಡಿಯಿರಿ.

ಬಿಸಿ ಅಡುಗೆ 60 ಡಿಗ್ರಿಗಿಂತ ಕೆಳಗಿಳಿಯಬಾರದು ಎಂಬುದು ಆಹಾರ ಸುರಕ್ಷತಾ ನಿಯಮ. ತೆರೆದ ಹಿಂಭಾಗಕ್ಕೆ ಟಾರ್ಪಾಲಿನ್ ಕಟ್ಟಿದರೆ ಸಾಲದು. ಮುಚ್ಚಿದ ಪೆಟ್ಟಿಗೆ ಕಟ್ಟಿಸಿ, ಪಾತ್ರೆ ಅಲುಗದಂತೆ ಒಳಗೆ ಕಂಬಿ ಹಾಕಿಸಿ. ಆದರೆ ಆ ಪೆಟ್ಟಿಗೆಯ ತೂಕವನ್ನೂ ಹೊರೆಯಲ್ಲೇ ಕಳೆಯಬೇಕು.

ಕೊನೆಗೆ ನನ್ನ ಸಲಹೆ ಇಷ್ಟೇ. ತಿಂಗಳಲ್ಲಿ 20 ದಿನ ಒಯ್ಯುವ ಹೊರೆ ಎಷ್ಟೋ ಅಷ್ಟಕ್ಕೆ ಗಾಡಿ ಕೊಳ್ಳಿ. ನಾಲ್ಕು ದಿನ ಬರುವ ದೊಡ್ಡ ಹೊರೆಗೆ ಬಾಡಿಗೆ ಗಾಡಿ ತನ್ನಿ. ಮಾರ್ಕೆಟ್ಟಿಗೂ ನೂರಿನ್ನೂರು ಜನರ ಆರ್ಡರಿಗೂ ಚಿಕ್ಕ ಸರಕು ಗಾಡಿ ಸಾಕು. ಪೋರೂರಿನಿಂದ ಕೋಯಂಬೇಡು ಹತ್ತು ಕಿಲೋಮೀಟರಿನ ಆಸುಪಾಸು. ಇಂಥ ಓಡಾಟಕ್ಕೆ ವಿದ್ಯುತ್ ಗಾಡಿಯನ್ನೂ ಧೈರ್ಯವಾಗಿ ಪರಿಶೀಲಿಸಬಹುದು. ಏಸ್‌ನ ವಿದ್ಯುತ್ ಮಾದರಿ 2022ರಿಂದ ಇದೆ. ಆದರೆ 2015ರ ಡಿಸೆಂಬರಿನಲ್ಲಿ ಮಣಪ್ಪಾಕ್ಕಂ, ಮುಗಳಿವಾಕ್ಕಂ ನೀರಿನಲ್ಲಿ ನಿಂತದ್ದನ್ನು ಮರೆಯದೆ, ಗಾಡಿ ನಿಲ್ಲಿಸುವ ಜಾಗ ಎತ್ತರದಲ್ಲಿರಲಿ. ಯಜಮಾನರ ದಿನದ ಓಡಾಟಕ್ಕೆ ಸ್ಕೂಟರೋ ಹಳೆಯ ಸಣ್ಣ ಕಾರೋ ಸಾಕು. ಇವೆರಡೂ ಸೇರಿ ಒಂದು ದೊಡ್ಡ ಡಬಲ್ ಕ್ಯಾಬ್ ಪಿಕಪ್ಪಿನ ಬೆಲೆಗಿಂತ ಕಡಿಮೆಯಲ್ಲೇ ಮುಗಿಯುತ್ತವೆ. ಒಂದು ಕೆಟ್ಟು ನಿಂತರೂ ಇನ್ನೊಂದು ಓಡುತ್ತಿರುತ್ತದೆ.

ಅಕ್ಕಪಕ್ಕದ ನಾಲ್ಕು ಸದಸ್ಯರು ಒಂದೇ ಬಾಡಿಗೆ ಗಾಡಿಯವರ ಜೊತೆ, ಒಂದೇ ವ್ಯಾನಿನವರ ಜೊತೆ ವರ್ಷದ ಒಪ್ಪಂದ ಮಾಡಿಕೊಂಡರೆ ಮುಹೂರ್ತದ ದಿನಗಳ ಪರದಾಟವೂ ತಪ್ಪುತ್ತದೆ. ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಆಸಕ್ತ ಸದಸ್ಯರು ತಮ್ಮ ತಿಂಗಳ ಟ್ರಿಪ್ಪುಗಳ ಲೆಕ್ಕವನ್ನು ಬರೆದು ತರಬೇಕಾಗಿ ವಿನಂತಿ.